ಕಿರ್ದಿಯಲ್ಲಿ ಬರೆದಿಟ್ಟ ತಿಜೋರಿ ನಂಬರು: ಲಾಗ್ ಫೈಲಿನಿಂದ ಪಾಸ್‌ವರ್ಡ್ ಸೋರುವುದು ಹೇಗೆ, ಸೋರಿದರೆ ಏನು

2024ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ 9.1 ಕೋಟಿ ಯೂರೊ ದಂಡ ಹಾಕಿತು. ಬಳಕೆದಾರರ ಪಾಸ್‌ವರ್ಡ್‌ಗಳು ಕಂಪನಿಯ ಒಳಗಿನ ಕಡತಗಳಲ್ಲಿ ಯಾವ ಮುಸುಕೂ ಇಲ್ಲದೆ, ಓದಿದರೆ ಗೊತ್ತಾಗುವ ಹಾಗೆ ಬಿದ್ದಿದ್ದವು. ಹೊರಗಿನವರ ಕೈಗೆ ಅವು ಸಿಕ್ಕಿರಲಿಲ್ಲ, ಆದರೂ ದಂಡ ಬಿತ್ತು. 2025ರ ಮಾರ್ಚಿನಲ್ಲಿ 23 ಸಾವಿರಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳು ಬಳಸುತ್ತಿದ್ದ ಟಿಜೆ-ಆ್ಯಕ್ಷನ್ಸ್ ಎಂಬ ಉಪಕರಣಕ್ಕೆ (ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಓಡುವಂಥದು) ಯಾರೋ ಕೈ ಹಾಕಿ, ಕಂಪನಿಗಳ ಗುಪ್ತ ಕೀಗಳು ಅವರವರ ಬಿಲ್ಡ್ ಲಾಗಿನಲ್ಲೇ, ಅಂದರೆ ಸಾಫ್ಟ್‌ವೇರ್ ಕಟ್ಟುವಾಗ ತಯಾರಾಗುವ ದಾಖಲೆಯಲ್ಲೇ, ಅಚ್ಚಾಗುವಂತೆ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಹೊರಡಿಸಿತು. ಅದರಲ್ಲಿ ಲಾಗ್‌ಗಳನ್ನು ಒಂದು ವರ್ಷ ಕಾಯ್ದಿಡಬೇಕು ಎಂದಿದೆ.

ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಲಾಗ್ ಅಪಾಯ ಅಂತೀರಿ, ಲಾಗ್ ಇಡಿ ಅಂತಲೂ ಅಂತೀರಿ. "ಯಾರೂ ಕದ್ದಿಲ್ಲಂದ್ರ ದಂಡ ಯಾಕ ಹಾಕಿದ್ರು? ಹ್ಯಾಕ್ ಆಗಿಲ್ಲಂದ್ರ ಪಾಸ್‌ವರ್ಡ್ ಬದಲಿ ಮಾಡ್ರಿ ಅಂತ ಯಾಕ ಮೆಸೇಜ್ ಬರ್ತದ?" ಎಂಬ ಪ್ರಶ್ನೆ ಹುಬ್ಬಳ್ಳಿಯ ಒಬ್ಬ ಗ್ರಾಹಕ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಉತ್ತರ ತಿಳಿಯಲು ಲಾಗ್ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಲಾಗ್ ಅಂದರೆ ಸಾಫ್ಟ್‌ವೇರಿನ ರೋಜ್ ಕಿರ್ದಿ

ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ದಿನದ ವ್ಯವಹಾರ ಆದ ಹಾಗೆ, ಆದ ಕ್ರಮದಲ್ಲೇ ಕಿರ್ದಿಗೆ ಏರುತ್ತದೆ. ಸರ್ವರಿನಲ್ಲಿ ಲಾಗ್ ಮಾಡುವುದೂ ಅದನ್ನೇ. 10 ಗಂಟೆ 14 ನಿಮಿಷಕ್ಕೆ ಇಂಥ ವಿಳಾಸದಿಂದ ಲಾಗಿನ್ ಕೋರಿಕೆ ಬಂತು, ಡೇಟಾಬೇಸ್ 3 ಸೆಕೆಂಡ್ ಉತ್ತರ ಕೊಡಲಿಲ್ಲ, ಒಟಿಪಿ ಕಳಿಸಲಾಯಿತು. ಏನಾದರೂ ಕೆಟ್ಟರೆ ಎಂಜಿನಿಯರ್ ಮೊದಲು ತೆರೆಯುವ ಪುಸ್ತಕ ಇದು.

ಈಗ ಗುಮಾಸ್ತ ಅದೇ ಕಿರ್ದಿಯಲ್ಲಿ "ಸಾಹುಕಾರರು ತಿಜೋರಿ ತೆಗೆದರು, ನಂಬರು ಇಷ್ಟು" ಎಂದು ಬರೆದುಬಿಟ್ಟ ಎಂದುಕೊಳ್ಳಿ. ತಿಜೋರಿ ಎಷ್ಟೇ ದಪ್ಪ ಉಕ್ಕಿನದಾಗಿರಲಿ, ಕಿರ್ದಿಯನ್ನು ಗುಮಾಸ್ತ ನೋಡುತ್ತಾನೆ, ಆಡಿಟರ್ ನೋಡುತ್ತಾರೆ, ಚಹಾ ತರುವ ಹುಡುಗನೂ ಇಣುಕುತ್ತಾನೆ. ಗುಮಾಸ್ತನಿಗೆ ಕೆಟ್ಟ ಉದ್ದೇಶವೇನೂ ಇಲ್ಲ, ನಡೆದದ್ದನ್ನೆಲ್ಲ ಬರೆ ಎಂದಿದ್ದರು, ಬರೆದ. ಈ ಜಾತಿಯ ದೋಷಕ್ಕೆ ಭದ್ರತಾ ಲೋಕದಲ್ಲಿ ಸಿಡಬ್ಲ್ಯುಇ-532 ಎಂಬ ನಂಬರಿದೆ.

ಪಾಸ್‌ವರ್ಡನ್ನು ಡೇಟಾಬೇಸಿನಲ್ಲಿ ಹಾಗೇ ಇಡಬಾರದು. ಬಿಕ್ರಿಪ್ಟ್‌ನಂಥ ವಿಧಾನದಿಂದ ಅರೆದು, ಮರಳಿ ಬಿಡಿಸಲಾಗದ ಹ್ಯಾಶ್ ಮಾಡಿ ಇಡುತ್ತಾರೆ. ಆದರೆ ಅರೆಯುವ ಮೊದಲು ಒಂದು ಕ್ಷಣ ಅದು ಸರ್ವರಿನ ಮೆಮೊರಿಯಲ್ಲಿ ಇದ್ದ ಹಾಗೇ ಇರುತ್ತದೆ. ಆ ಕ್ಷಣದಲ್ಲಿ ಲಾಗಿಗೆ ಬಿದ್ದರೆ ಬಿಕ್ರಿಪ್ಟ್ ಇದ್ದೂ ಇಲ್ಲದಂತೆ. 2018ರ ಮೇ 3ರಂದು ಟ್ವಿಟರ್ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಿದ್ದು ಇದೇ ಕಾರಣಕ್ಕೆ. ಹ್ಯಾಶ್ ಮಾಡುವ ಕೆಲಸ ಮುಗಿಯುವ ಮೊದಲೇ ಪಾಸ್‌ವರ್ಡ್ ಒಳಗಿನ ಲಾಗಿಗೆ ಇಳಿಯುತ್ತಿತ್ತು. ಅದೇ ವಾರ ಗಿಟ್‌ಹಬ್ ಕೂಡ ಪಾಸ್‌ವರ್ಡ್ ರಿಸೆಟ್ ಮಾಡುವಲ್ಲಿ ಇಂಥದೇ ತಪ್ಪಾಗಿದೆ ಎಂದು ಕೆಲವು ಬಳಕೆದಾರರಿಗೆ ತಿಳಿಸಿತ್ತು.

ಗುಟ್ಟು ಲಾಗಿಗೆ ಇಳಿಯುವ ದಾರಿಗಳು

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಆರು ಜನರ ಒಂದು ಸಾಫ್ಟ್‌ವೇರ್ ಕಂಪನಿ, ಹಾವೇರಿ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘಕ್ಕೆ ಮೊಬೈಲ್ ಆ್ಯಪ್ ಮಾಡಿಕೊಟ್ಟಿದೆ. ಬರೆದದ್ದು ಪಿಎಚ್‌ಪಿ ಭಾಷೆಯಲ್ಲಿ, ಲಾರಾವೆಲ್ ಎಂಬ ಚೌಕಟ್ಟಿನಲ್ಲಿ, ಮುಂದೆ ನಿಂತು ಕೋರಿಕೆ ಸ್ವೀಕರಿಸುವುದು ಎಂಜಿನ್-ಎಕ್ಸ್ ಸರ್ವರ್. ನಮ್ಮ ಕಡೆ ಬಹಳ ಕೆಲಸಗಳು ಈ ಸರಂಜಾಮಿನಲ್ಲೇ ಆಗುತ್ತವೆ. ಸದಸ್ಯ ಲಾಗಿನ್ ಆದರೆ ಎಸ್‌ಎಂಎಸ್ ಗೇಟ್‌ವೇ ಮೂಲಕ ಒಟಿಪಿ ಹೋಗುತ್ತದೆ.

ಎಲ್ಲರಿಗೂ ಗೊತ್ತಿರುವ ತಪ್ಪು, ಮರೆತುಬಿಟ್ಟ ಡಿಬಗ್ ಸಾಲು. ಲಾಗಿನ್ ಯಾಕೆ ಫೇಲ್ ಆಗುತ್ತಿದೆ ಎಂದು ನೋಡಲು ಡೆವಲಪರ್ ಬಂದ ಕೋರಿಕೆಯನ್ನು ಇಡಿಯಾಗಿ ಲಾಗಿಗೆ ಹಾಕುತ್ತಾನೆ. ದೋಷ ಸಿಗುತ್ತದೆ, ಸಾಲು ಉಳಿಯುತ್ತದೆ. ಇದನ್ನು ಕೋಡ್ ಓದಿದವರು ಹಿಡಿಯಬಲ್ಲರು. ನಿಜವಾದ ತೊಂದರೆ ಇರುವುದು ಯಾರೂ ಬರೆಯದೆ ತಾನಾಗಿ ಬರುವ ಸಾಲುಗಳಲ್ಲಿ.

ಎಸ್‌ಎಂಎಸ್ ಗೇಟ್‌ವೇಯನ್ನೇ ನೋಡಿ. ಅಗ್ಗದ ಎಷ್ಟೋ ಗೇಟ್‌ವೇಗಳು ಇಂದಿಗೂ ಎಲ್ಲವನ್ನೂ ವಿಳಾಸದಲ್ಲೇ ಕೇಳುತ್ತವೆ: ಎಪಿಐ ಕೀ (ಸೇವೆ ಬಳಸಲು ಕೊಟ್ಟ ಗುಪ್ತ ಸಂಕೇತ), ಮೊಬೈಲ್ ನಂಬರು, "ನಿಮ್ಮ ಒಟಿಪಿ 482913" ಎಂಬ ಸಂದೇಶ, ಎಲ್ಲ ಒಂದೇ ಉದ್ದ ಯುಆರ್‌ಎಲ್‌ನಲ್ಲಿ. ಗೇಟ್‌ವೇ ಹತ್ತು ಸೆಕೆಂಡ್ ಉತ್ತರ ಕೊಡಲಿಲ್ಲ ಎಂದುಕೊಳ್ಳಿ. ಟೈಮ್‌ಔಟ್ ಎರರ್ ಬರುತ್ತದೆ. ಪಿಎಚ್‌ಪಿಯಲ್ಲಿ ಬಹಳ ಜನ ಬಳಸುವ ಗಝಲ್ ಲೈಬ್ರರಿ ಇಂಥ ಎರರ್ ಸಂದೇಶದ ಕೊನೆಗೆ ಕೋರಿಕೆ ಎಲ್ಲಿಗೆ ಹೊರಟಿತ್ತೋ ಆ ವಿಳಾಸವನ್ನೂ ಸೇರಿಸುತ್ತದೆ. ಲಾರಾವೆಲ್ ಅದನ್ನು ನಿಯತ್ತಾಗಿ ತನ್ನ ಲಾಗಿಗೆ ಬರೆದುಕೊಳ್ಳುತ್ತದೆ. ಹೀಗೆ ನೆಟ್‌ವರ್ಕ್ ಕೈಕೊಟ್ಟ ಪ್ರತಿ ಸಲವೂ ಒಂದು ಮೊಬೈಲ್ ನಂಬರು, ಒಂದು ಒಟಿಪಿ, ಜೊತೆಗೆ ಇಡೀ ಸಂಘದ ಹೆಸರಿನಲ್ಲಿ ಸಂದೇಶ ಕಳಿಸಬಲ್ಲ ಕೀ ಫೈಲಿಗೆ ಇಳಿಯುತ್ತವೆ. ಒಟಿಪಿಗೆ ಕೆಲವೇ ನಿಮಿಷದ ಆಯುಷ್ಯ. ಕೀಗೆ ಹಾಗಲ್ಲ, ಅದನ್ನು ಬದಲಿಸುವವರೆಗೆ ಅದು ಜೀವಂತ.

ಒಳಬರುವ ಕೋರಿಕೆಗೂ ಇದೇ ಮಾತು. ಎಂಜಿನ್-ಎಕ್ಸ್‌ನ ರೂಢಿಯ ಆ್ಯಕ್ಸೆಸ್ ಲಾಗ್ ಕೋರಿಕೆಯ ಮೊದಲ ಸಾಲನ್ನು, ಪ್ರಶ್ನಚಿಹ್ನೆಯ ಆಚೆಗಿನ ಭಾಗವೂ ಸೇರಿ, ಪೂರ್ತಿ ಬರೆಯುತ್ತದೆ. ಪೋಸ್ಟ್ ವಿಧಾನದಲ್ಲಿ ಒಳಗೆ ಹೋದ ಫಾರ್ಮ್‌ನ ವಿಷಯ ಅದರಲ್ಲಿ ಬರುವುದಿಲ್ಲ. ಗೆಟ್ ವಿಧಾನದಲ್ಲಿ ವಿಳಾಸಕ್ಕೆ ಅಂಟಿಸಿದ್ದು ಬರುತ್ತದೆ. ಪಾಸ್‌ವರ್ಡ್ ರಿಸೆಟ್ ಲಿಂಕಿನ ಟೋಕನ್, ಅಂದರೆ ಗುಪ್ತ ಗುರುತು, ವಿಳಾಸದಲ್ಲೇ ಇರುತ್ತದಲ್ಲ, ಅದು ನೇರ ಲಾಗಿಗೆ. ಲಾರಾವೆಲ್‌ನಲ್ಲಿ ಸುಮ್ಮನೆ ಬಿಟ್ಟರೆ ಆ ಟೋಕನ್‌ಗೆ 60 ನಿಮಿಷದ ಜೀವ. ಲಿಂಕ್ ಒತ್ತಿದ ಸದಸ್ಯ ಹೊಸ ಪಾಸ್‌ವರ್ಡ್ ಹಾಕದೆ ಅರ್ಧಕ್ಕೆ ಬಿಟ್ಟರೆ, ಅಷ್ಟರೊಳಗೆ ಲಾಗ್ ಓದಿದವನು ಹಾಕಬಲ್ಲ.

ಮೂರನೆಯ ದಾರಿ ಇನ್ನೂ ಸೂಕ್ಷ್ಮ. ರಾತ್ರಿ ಡೇಟಾಬೇಸ್ ಬಿತ್ತು. ಪಿಎಚ್‌ಪಿ ತನ್ನ ಎರರ್ ಜೊತೆಗೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ, ಅಂದರೆ ಸ್ಟ್ಯಾಕ್ ಟ್ರೇಸ್ ಕೊಡುತ್ತದೆ. ಪ್ರತಿ ಫಂಕ್ಷನ್‌ಗೆ ಏನೇನು ಕೊಟ್ಟಿದ್ದರು ಎಂಬುದೂ ಅದರಲ್ಲಿರುತ್ತದೆ: ಸರ್ವರ್ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್. ಉದ್ದವಾದದ್ದನ್ನು 15 ಅಕ್ಷರಕ್ಕೆ ಕತ್ತರಿಸುತ್ತದೆ ನಿಜ. ಆದರೆ ಜನ ಇಡುವ ಎಷ್ಟೋ ಪಾಸ್‌ವರ್ಡ್‌ಗಳು 15 ಅಕ್ಷರದೊಳಗೇ ಮುಗಿಯುತ್ತವೆ! ಪಿಎಚ್‌ಪಿ 7.4ರಲ್ಲಿ ಟ್ರೇಸಿನಿಂದ ಈ ಮೌಲ್ಯಗಳನ್ನು ಕೈಬಿಡುವ ಸೆಟ್ಟಿಂಗ್ ಬಂತು, 8.2ರಲ್ಲಿ "ಇದು ಗುಪ್ತ" ಎಂದು ಗುರುತು ಹಾಕುವ ಸೌಲಭ್ಯ ಬಂತು. ಪ್ರೊಡಕ್ಷನ್‌ಗೆಂದು ಕೊಟ್ಟಿರುವ ಮಾದರಿ ಸೆಟ್ಟಿಂಗ್ ಫೈಲನ್ನು ಬಳಸಿದವರಿಗೆ ಮೊದಲನೆಯದು ತಾನಾಗಿ ಚಾಲೂ ಇರುತ್ತದೆ. 7.4ಕ್ಕಿಂತ ಹಳೆಯ ಪಿಎಚ್‌ಪಿಯನ್ನೇ ನಡೆಸುತ್ತಿರುವ ಸರ್ವರಿನಲ್ಲಿ ಎರಡೂ ಇಲ್ಲ.

ಜಾವಾ ಭಾಷೆಯವರಿಗೆ ಲೊಂಬೊಕ್ ಎಂಬ ಲೈಬ್ರರಿ ಇದೇ ಉಪದ್ರವ ಕೊಡುತ್ತದೆ. ಕ್ಲಾಸಿನ ಮೇಲೆ ಒಂದು ಗುರುತು ಹಾಕಿದರೆ ಅದು ಎಲ್ಲ ಫೀಲ್ಡುಗಳನ್ನೂ ಅಚ್ಚು ಹಾಕುವ ಕೋಡನ್ನು ತಾನೇ ಬರೆಯುತ್ತದೆ, ಪಾಸ್‌ವರ್ಡ್ ಫೀಲ್ಡೂ ಅದರಲ್ಲೊಂದು. "ಬಳಕೆದಾರ ಸಿಗಲಿಲ್ಲ" ಎಂದು ಲಾಗ್ ಮಾಡಲು ಹೋದವನು ಬಳಕೆದಾರನನ್ನು ಪೂರ್ತಿ ಬಿಚ್ಚಿಟ್ಟಿರುತ್ತಾನೆ.

ಯಾವ ಕೋಡಿನಿಂದಲೂ ಪೂರ್ತಿ ತಡೆಯಲಾಗದ ಒಂದು ದಾರಿಯೂ ಇದೆ. ಗಡಿಬಿಡಿಯಲ್ಲಿ ಜನ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಹೊಡೆಯುತ್ತಾರೆ. ಫೇಲ್ ಆದ ಲಾಗಿನ್‌ಗಳ ಹೆಸರನ್ನು ಬರೆದಿಡುವ ಪದ್ಧತಿ ಎಲ್ಲ ಕಡೆ ಇದೆ. ಮುಂದಿನ ಸಾಲಿನಲ್ಲಿ, ಅದೇ ವಿಳಾಸದಿಂದ, ಅವರ ನಿಜವಾದ ಹೆಸರು ಬಂದಿರುತ್ತದೆ. ಎರಡು ಸಾಲು ಕೂಡಿಸಿದರೆ ಕೆಲಸ ಮುಗಿಯಿತು.

ಹೋಸ್ಟಿಂಗಿನ ಒಂದು ತೂತು

ಚಿಕ್ಕ ಕೆಲಸಗಳಲ್ಲಿ ಮತ್ತೊಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. ಲಾರಾವೆಲ್ ಪ್ರಾಜೆಕ್ಟಿನಲ್ಲಿ ಹೊರಗಿನವರಿಗೆ ಕಾಣಬೇಕಾದದ್ದು "ಪಬ್ಲಿಕ್" ಎಂಬ ಒಂದೇ ಫೋಲ್ಡರ್. ಲಾಗ್ ಇರುವುದು "ಸ್ಟೋರೇಜ್" ಫೋಲ್ಡರಿನಲ್ಲಿ, ಅದು ಹೊರಗೆ ಕಾಣಕೂಡದು. ಆದರೆ ಅಗ್ಗದ ಶೇರ್ಡ್ ಹೋಸ್ಟಿಂಗಿನಲ್ಲಿ ಇಡೀ ಪ್ರಾಜೆಕ್ಟನ್ನು ಜಿಪ್ ಮಾಡಿ ವೆಬ್ ಫೋಲ್ಡರಿನೊಳಗೆ ಬಿಚ್ಚಿಬಿಡುತ್ತಾರೆ, ಸೈಟ್ ಓಡುವಂತೆ ಒಂದು ಫೈಲ್ ತಿದ್ದುತ್ತಾರೆ. ಸೈಟ್ ಓಡುತ್ತದೆ. ಅದರ ಜೊತೆಗೇ ಬ್ರೌಸರಿನಲ್ಲಿ ಲಾಗ್ ಫೈಲಿನ ದಾರಿ ಬರೆದರೆ ಅದೂ ತೆರೆದುಕೊಳ್ಳುತ್ತದೆ, ಎಲ್ಲ ಪಾಸ್‌ವರ್ಡ್ ಇರುವ "ಡಾಟ್ ಎನ್ವ್" ಫೈಲೂ ತೆರೆದುಕೊಳ್ಳಬಹುದು. ಆ ದಾರಿ ಎಲ್ಲ ಲಾರಾವೆಲ್ ಸೈಟುಗಳಲ್ಲೂ ಒಂದೇ ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ಅದನ್ನೇ ತಟ್ಟುತ್ತ ಹೋಗುವ ಬಾಟ್‌ಗಳಿವೆ. "ನಮ್ಮ ಸಂಘದ ಸೈಟು ಯಾರಿಗೆ ಬೇಕು" ಎನ್ನುವ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಬಾಟ್ ಹೆಸರು ನೋಡುವುದಿಲ್ಲ.

ಪರೀಕ್ಷೆ ಎರಡು ನಿಮಿಷದ ಕೆಲಸ. ನಿಮ್ಮದೇ ಸೈಟಿನ ವಿಳಾಸದ ಕೊನೆಗೆ ಲಾಗ್ ಫೈಲಿನ ಆ ದಾರಿ ಹಾಕಿ ನೋಡಿ. 404 (ಪುಟ ಇಲ್ಲ) ಅಥವಾ 403 (ಅನುಮತಿ ಇಲ್ಲ) ಬಂದರೆ ಸರಿ. ಅಕ್ಷರಗಳು ಬಂದರೆ ಇವತ್ತಿನ ಬೇರೆ ಕೆಲಸ ಬದಿಗಿಡಿ.

ಒಂದು ಸಾಲು, ಹತ್ತು ನಕಲು

ಡೇಟಾಬೇಸಿಗೆ ಕಾವಲು ಇರುತ್ತದೆ, ಕೀ ಇಬ್ಬರ ಹತ್ತಿರ ಮಾತ್ರ. ಲಾಗಿಗೆ ಕಾವಲು ಇರುವುದಿಲ್ಲ. ಅದು ಓಡಾಡಲೆಂದೇ ಇರುವ ಕಡತ. ಉಬುಂಟುವಿನಲ್ಲಿ ಎಂಜಿನ್-ಎಕ್ಸ್ ಲಾಗ್ ದಿನಕ್ಕೊಮ್ಮೆ ಮಡಚಿಕೊಂಡು 14 ಹಳೆಯ ಪ್ರತಿ ಉಳಿಸಿಕೊಳ್ಳುತ್ತದೆ. ಅದರ ಬ್ಯಾಕಪ್ ಇನ್ನೊಂದು ಕಡೆ. ಲಾಗ್ ಹುಡುಕುವ ಸರ್ವರಿಗೆ ಒಂದು ಪ್ರತಿ, ಎರರ್ ಹಿಡಿಯುವ ವಿದೇಶಿ ಸೇವೆಗೆ ಇನ್ನೊಂದು. ದೋಷ ಸಿಗದಿದ್ದಾಗ ಡೆವಲಪರ್ ಫೈಲನ್ನೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾನೆ, ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಈಗೀಗ ಇನ್ನೂರು ಸಾಲು ಎತ್ತಿ ಎಐ ಚಾಟ್‌ಬಾಟಿಗೆ ಅಂಟಿಸಿ "ಏನು ತಪ್ಪಾಗಿದೆ" ಎಂದೂ ಕೇಳುತ್ತಾನೆ. ಆ್ಯಪನ್ನು ಕಂಟೇನರ್ ಎಂಬ ಪೆಟ್ಟಿಗೆಯೊಳಗೆ ಓಡಿಸುವ ಡಾಕರ್ ಬಳಸುವವರಿಗೆ ಮತ್ತೊಂದು ಮಾತು: ಅದರ ರೂಢಿಯ ಲಾಗಿಗೆ ಗಾತ್ರದ ಮಿತಿಯೇ ಇಲ್ಲ. ಯಾರೂ ಹೇಳದಿದ್ದರೆ ಕಂಟೇನರ್ ಇರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ.

ಫೇಸ್‌ಬುಕ್ಕಿನ ಪ್ರಕರಣದಲ್ಲಿ ಪಾಸ್‌ವರ್ಡ್‌ಗಳು ಸುಮಾರು 20 ಸಾವಿರ ನೌಕರರು ಹುಡುಕಿ ನೋಡಬಹುದಾದ ಜಾಗದಲ್ಲಿದ್ದವು ಎಂದು ಪತ್ರಕರ್ತ ಬ್ರಯನ್ ಕ್ರೆಬ್ಸ್ 2019ರ ಮಾರ್ಚಿನಲ್ಲಿ ಬಯಲಿಗೆಳೆದಿದ್ದರು.

ಸಹಾಯಕ್ಕೆಂದು ಕೊಟ್ಟ ಕಡತವೇ ಮುಳುವಾದ ಉದಾಹರಣೆ, ಕಂಪನಿಗಳಿಗೆ ಲಾಗಿನ್ ಸೇವೆ ಕೊಡುವ ಆಕ್ಟಾ. ಗ್ರಾಹಕರು ತೊಂದರೆ ತೋರಿಸಲು ಬ್ರೌಸರಿನ ದಾಖಲೆಯನ್ನು, ಅಂದರೆ ಹಾರ್ ಫೈಲನ್ನು, ಆ ಕಂಪನಿಯ ಸಪೋರ್ಟ್ ವಿಭಾಗಕ್ಕೆ ಕಳಿಸುತ್ತಿದ್ದರು. ಅದರೊಳಗೆ ಇನ್ನೂ ಜೀವಂತವಾಗಿದ್ದ ಲಾಗಿನ್ ಟೋಕನ್‌ಗಳಿದ್ದವು. 2023ರಲ್ಲಿ ಸಪೋರ್ಟ್ ವ್ಯವಸ್ಥೆಗೆ ಕನ್ನ ಬಿದ್ದು 134 ಗ್ರಾಹಕರ ಫೈಲುಗಳು ಕಳ್ಳನ ಕೈ ಸೇರಿದವು, ಆ ಪೈಕಿ ಐವರ ಸೆಷನ್‌ಗಳು ದುರ್ಬಳಕೆಯಾದವು.

ಟಿಜೆ-ಆ್ಯಕ್ಷನ್ಸ್‌ನಲ್ಲಿ ಕಳ್ಳನ ಜಾಣತನ ನೋಡಿ. ಕದ್ದ ಮಾಲನ್ನು ತನ್ನ ಸರ್ವರಿಗೆ ಒಯ್ಯಲೇ ಇಲ್ಲ. ಒಯ್ದಿದ್ದರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚಿತ್ತು. ಕೀಗಳನ್ನು ಬಿಲ್ಡ್ ಲಾಗಿಗೇ ಬರೆಸಿದ. ಸಾರ್ವಜನಿಕ ಪ್ರಾಜೆಕ್ಟುಗಳ ಲಾಗ್ ಯಾರು ಬೇಕಾದರೂ ಓದಬಹುದಲ್ಲ, ಅಷ್ಟು ಸಾಕಿತ್ತು. ಗಿಟ್‌ಹಬ್ ಗುಟ್ಟುಗಳನ್ನು ನಕ್ಷತ್ರ ಚಿಹ್ನೆ ಹಾಕಿ ಮುಚ್ಚುತ್ತದೆ, ಆದರೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ. ಕಳ್ಳ ಅವನ್ನು ಬೇಸ್-64 ಎಂಬ ಬೇರೆ ಅಕ್ಷರರೂಪಕ್ಕೆ ಎರಡು ಸಲ ಬದಲಿಸಿದ್ದ. ಮುಚ್ಚುವ ಯಂತ್ರಕ್ಕೆ ಗುರುತೇ ಸಿಗಲಿಲ್ಲ.

ಇದು ದೊಡ್ಡ ದೋಷವೇ? ವಾದ ಎರಡಿದೆ

ಸಾಫ್ಟ್‌ವೇರ್ ತಯಾರಕರು ಇಂಥ ದೋಷ ಪ್ರಕಟಿಸುವಾಗ ಎಷ್ಟೋ ಸಲ ಮಧ್ಯಮ ಎಂಬ ದರ್ಜೆ ಕೊಡುತ್ತಾರೆ. ಅವರ ವಾದ: ಲಾಗ್ ಓದಬೇಕಾದರೆ ಮೊದಲು ಸರ್ವರಿನ ಒಳಗೆ ಬರಬೇಕು, ಒಳಗೆ ಬಂದವನಿಗೆ ಲಾಗ್ ಯಾಕೆ ಬೇಕು, ಬೇಕಾದ್ದೆಲ್ಲ ಕೈಗೆಟುಕುತ್ತದೆ. ಇದರಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಒಂದೇ ಮಷೀನ್, ಒಬ್ಬನೇ ನಿರ್ವಾಹಕ ಇರುವಲ್ಲಿ ಅದು ಸರಿಯೇ.

ಇನ್ನೊಂದು ಪಕ್ಷ ಹೇಳುವುದು, ಲಾಗ್ ಸರ್ವರಿನಲ್ಲಿ ಉಳಿಯುವುದೇ ಇಲ್ಲವಲ್ಲ ಎಂದು. ಮೇಲಿನ ನಕಲುಗಳನ್ನು ಎಣಿಸಿದವರಿಗೆ ಈ ವಾದವೇ ಗಟ್ಟಿ ಅನ್ನಿಸುತ್ತದೆ. ಒಂದು ದರ್ಜೆಯ ಅಂಕ ದೋಷ ಎಷ್ಟು ಸುಲಭ ಎಂದು ಹೇಳಬಲ್ಲದು. ನಿಮ್ಮ ಕಚೇರಿಯಲ್ಲಿ ಆ ಫೈಲ್ ಎಷ್ಟು ಕೈ ದಾಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಅಪಾಯ ಎಷ್ಟು ಎಂಬುದು ಸೋರಿದ ಗುಟ್ಟು ಯಾವುದು ಎಂಬುದರ ಮೇಲೂ ನಿಂತಿದೆ. ಅವಧಿ ಮುಗಿದ ಒಟಿಪಿ ಸೋರಿದರೆ ನಷ್ಟ ಕಡಿಮೆ. ಪೇಮೆಂಟ್ ಗೇಟ್‌ವೇಯ ಗುಪ್ತ ಕೀ ಸೋರಿದರೆ ರಿಫಂಡ್ ಹೆಸರಿನಲ್ಲಿ ಹಣವೇ ಹೊರಹೋಗಬಹುದು.

ಮೆಟಾಕ್ಕೆ ದಂಡ ಬಿದ್ದ ಕಾರಣಗಳಲ್ಲಿ ಪಾಸ್‌ವರ್ಡ್ ಸರಿಯಾಗಿ ಕಾಯಲಿಲ್ಲ ಎಂಬುದು ಒಂದು. ಗೊತ್ತಾದ ಮೇಲೆ ಆಯೋಗಕ್ಕೆ ತಿಳಿಸಬೇಕಾದ ರೀತಿಯಲ್ಲಿ ತಿಳಿಸಲಿಲ್ಲ, ಘಟನೆಯನ್ನು ದಾಖಲಿಸಲಿಲ್ಲ ಎಂಬುದೂ ಸೇರಿತ್ತು. ಕಳವಾಗಿದೆಯೋ ಇಲ್ಲವೋ ಎಂಬುದು ಕಾನೂನಿನ ಮೊದಲ ಪ್ರಶ್ನೆ ಆಗಿರಲಿಲ್ಲ.

ನಮ್ಮ ಕಾನೂನು ಕೇಳುವುದೇನು

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕು. ದತ್ತಾಂಶ ಸೋರಿಕೆಯಂಥ ಘಟನೆ ಗಮನಕ್ಕೆ ಬಂದರೆ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. 2025ರ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲಾಗ್ ಒಂದು ವರ್ಷ ಇರಲಿ ಎನ್ನುತ್ತವೆ. ಸೋರಿಕೆ ಆದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು, ಬಾಧಿತರಿಗೂ ತಡಮಾಡದೆ ಹೇಳಬೇಕು. 2025ರ ನಿಯಮಗಳ ಈ ಹೊಣೆಗಳು 18 ತಿಂಗಳ ಬಳಿಕ, ಅಂದರೆ 2027ರ ಮೇ ಹೊತ್ತಿಗೆ ಪೂರ್ತಿ ಜಾರಿಗೆ ಬರುತ್ತವೆ. ತಕ್ಕ ಭದ್ರತೆ ಇಡದಿದ್ದರೆ ದಂಡ ₹250 ಕೋಟಿವರೆಗೆ, ತಿಳಿಸದಿದ್ದರೆ ₹200 ಕೋಟಿವರೆಗೆ.

ಹಾಗಾದರೆ ಕಾನೂನು ಎರಡು ದಿಕ್ಕಿಗೆ ಎಳೆಯುತ್ತಿದೆಯೇ? ಇಲ್ಲ. ಯಾರ ಮಾಹಿತಿಯನ್ನು ಯಾರು, ಯಾವಾಗ, ಎಲ್ಲಿಂದ ನೋಡಿದರು ಎಂಬ ಜಾಡು ಅದಕ್ಕೆ ಬೇಕು. ಪಾಸ್‌ವರ್ಡ್ ಏನಿತ್ತು ಎಂದು ಅದು ಎಲ್ಲೂ ಕೇಳಿಲ್ಲ. ತೊಂದರೆ ಏನೆಂದರೆ, ನಮ್ಮ ಲಾಗ್‌ಗಳಲ್ಲಿ ಎರಡೂ ಕಲಸಿಹೋಗಿವೆ. 180 ದಿನದ ನಿರ್ದೇಶನ ಇದ್ದರೂ ರೂಢಿಯ ಸೆಟ್ಟಿಂಗಿನಲ್ಲಿ ಹದಿನಾಲ್ಕು ದಿನಕ್ಕೆ ಅಳಿಸಿಹೋಗುತ್ತಿದ್ದ ಕಸ ಇನ್ನು ಒಂದು ವರ್ಷ ಉಳಿಯುತ್ತದೆ. ಮೊದಲು ಲಾಗ್ ಶುದ್ಧ ಮಾಡದೆ ಅವಧಿ ಮಾತ್ರ ಹಿಗ್ಗಿಸಿದವರು ಕಾನೂನು ಪಾಲಿಸಲು ಹೋಗಿ ಅಪಾಯ ಹೆಚ್ಚು ಮಾಡಿಕೊಳ್ಳುತ್ತಾರೆ.

ಈ ಭಾಗಕ್ಕೆ ಇದು ದೂರದ ಮಾತಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಶುರುವಾದ ನೆಲ ಇದು. ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇಲ್ಲದ ಊರು ಹುಡುಕಬೇಕು. ಅವರ ಸಾಫ್ಟ್‌ವೇರ್ ಹೊರಗಿನವರು ಮಾಡಿದ್ದು. ಆದರೆ ಕಾನೂನಿನ ಕಣ್ಣಿನಲ್ಲಿ ಹೊಣೆ ಸಂಘದ್ದೇ. ಒಪ್ಪಂದದಲ್ಲಿ ಏನೇ ಬರೆದಿರಲಿ, ಮಂಡಳಿ ಮೊದಲು ಪ್ರಶ್ನೆ ಕೇಳುವುದು ಮಾಹಿತಿ ಸಂಗ್ರಹಿಸಿದವರನ್ನು. ಗೋಕುಲ ರಸ್ತೆಯ ಕಂಪನಿ ಅವರ ಪರವಾಗಿ ಕೆಲಸ ಮಾಡುವವರಷ್ಟೇ.

ಸಿಕ್ಕರೆ ಮೊದಲು ಏನು

ಲಾಗಿನಲ್ಲಿ ಗುಟ್ಟು ಹುಡುಕುವುದರಲ್ಲೇ ಒಂದು ಎಚ್ಚರ ಬೇಕು. ಪದ ಹುಡುಕುವ ಗ್ರೆಪ್ ಆಜ್ಞೆ ಹಾಕಿದರೆ ಸಿಕ್ಕ ಸಾಲುಗಳು ಪರದೆಯ ಮೇಲೆ ಸುರಿಯುತ್ತವೆ, ಅದನ್ನು ಯಾರೋ ಫೈಲಿಗೆ ಉಳಿಸುತ್ತಾರೆ, ಗುಟ್ಟಿನ ಹನ್ನೊಂದನೆಯ ನಕಲು ತಯಾರು. ಆದ್ದರಿಂದ ಸಾಲು ತೋರಿಸದೆ ಫೈಲಿನ ಹೆಸರು ಅಥವಾ ಎಣಿಕೆ ಮಾತ್ರ ಕೊಡುವ ಆಯ್ಕೆ ಬಳಸಬೇಕು. ಹಳೆಯ ಲಾಗ್‌ಗಳು ಜಿಪ್ ಆಗಿರುತ್ತವೆ, ಅವಕ್ಕೆ ಝಡ್-ಗ್ರೆಪ್ ಬೇಕು. ಪಾಸ್‌ವರ್ಡ್ ಎಂಬ ಪದ ಹುಡುಕಿದರೆ ಸಾಲದು. ಬೇರರ್ ಎಂಬ ಪದ, ಇ-ವೈ-ಜೆ ಅಕ್ಷರಗಳಿಂದ ಶುರುವಾಗುವ ಟೋಕನ್, ಎ-ಕೆ-ಐ-ಎ ಇಂದ ಶುರುವಾಗುವ 20 ಅಕ್ಷರದ ಅಮೆಜಾನ್ ಕೀ, ಬಿಗಿನ್ ಪ್ರೈವೇಟ್ ಕೀ ಎಂಬ ಸಾಲು, 12 ಅಂಕಿಯ ಆಧಾರ್, ಇವೆಲ್ಲವನ್ನೂ ನೋಡಬೇಕು.

ಸಿಕ್ಕ ಕೂಡಲೇ ಲಾಗ್ ಅಳಿಸಲು ಕೈ ಹೋಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅದು. ನಕಲು ಎಲ್ಲೆಲ್ಲಿವೆ ಎಂದು ಗೊತ್ತಿಲ್ಲದಿರುವಾಗ ಒಂದನ್ನು ಅಳಿಸಿ ಪ್ರಯೋಜನವಿಲ್ಲ. ಮೇಲಾಗಿ ಯಾವಾಗಿನಿಂದ ಸೋರುತ್ತಿತ್ತು, ಯಾರು ಓದಿದರು ಎಂಬ ಸಾಕ್ಷ್ಯವೂ ಅದರಲ್ಲೇ ಇದೆ. ಮೊದಲು ಗುಟ್ಟನ್ನೇ ನಿರುಪಯೋಗಿ ಮಾಡಬೇಕು, ಅಂದರೆ ಕೀ ಬದಲಿಸಬೇಕು.

ಬದಲಿಸುವಾಗ ಸೇವೆ ನಿಲ್ಲದಂತೆ ಮಾಡುವ ಕ್ರಮವಿದೆ. ಅಮೆಜಾನ್ ಕ್ಲೌಡಿನಲ್ಲಿ ಒಬ್ಬ ಬಳಕೆದಾರನಿಗೆ ಎರಡು ಕೀ ಇಡಲು ಅವಕಾಶ ಕೊಟ್ಟಿರುವುದು ಇದಕ್ಕೇ: ಹೊಸದು ಮಾಡಿ, ಎಲ್ಲ ಕಡೆ ಹಾಕಿ, ಹಳೆಯದನ್ನು ಯಾರೂ ಬಳಸುತ್ತಿಲ್ಲ ಎಂದು ನೋಡಿ ನಿಷ್ಕ್ರಿಯ ಮಾಡಿ, ಏನೂ ಮುರಿಯದಿದ್ದರೆ ಅಳಿಸಿ. ಹಳೆಯ ಕೀಯನ್ನು ಪರಕೀಯರು ಬಳಸಿದ್ದರೇ ಎಂದು ಕ್ಲೌಡ್‌ಟ್ರೇಲ್ ಎಂಬ ಅಮೆಜಾನಿನ ಬಳಕೆ ದಾಖಲೆಯ ಇತಿಹಾಸದಲ್ಲಿ 90 ದಿನದವರೆಗೆ ಹಿಂದೆ ಹೋಗಿ ನೋಡಬಹುದು. ಡೇಟಾಬೇಸಿಗೂ ಎರಡನೇ ಬಳಕೆದಾರನನ್ನು ಮಾಡಿ ಇದೇ ರೀತಿ ದಾಟಿಸಬಹುದು. ಒಂದೇ ಕೀ ಕೊಡುವ ಎಸ್‌ಎಂಎಸ್ ಗೇಟ್‌ವೇ ಆದರೆ ರಾತ್ರಿ ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಬೇಕು.

ಲಾರಾವೆಲ್‌ನಲ್ಲಿ ಇಲ್ಲಿ ಎಲ್ಲರೂ ಎಡವುತ್ತಾರೆ. ಡಾಟ್ ಎನ್ವ್ ಫೈಲಿನಲ್ಲಿ ಹೊಸ ಕೀ ಬರೆದರೂ, ಕಾನ್ಫಿಗ್ ಕ್ಯಾಶ್, ಅಂದರೆ ಸೆಟ್ಟಿಂಗ್‌ಗಳ ಉಳಿಸಿದ ನಕಲು, ಮಾಡಿದ್ದರೆ ಆ್ಯಪ್ ಹಳೆಯದನ್ನೇ ಓದುತ್ತದೆ. ಕ್ಯಾಶ್ ಹೊಸದಾಗಿ ಕಟ್ಟಿದರೂ ಹಿನ್ನೆಲೆಯಲ್ಲಿ ಓಡುವ ಕ್ಯೂ ವರ್ಕರ್ ಹಳೆಯ ಮೌಲ್ಯವನ್ನು ಮೆಮೊರಿಯಲ್ಲಿ ಹಿಡಿದಿರುತ್ತದೆ. ಒಟಿಪಿ ಕಳಿಸುವುದು ಆ ವರ್ಕರೇ ಆದರೆ, ಹಳೆಯ ಕೀ ನಿಷ್ಕ್ರಿಯ ಮಾಡಿದ ಮರುಕ್ಷಣ ಸದಸ್ಯರಿಗೆ ಒಟಿಪಿ ಬರುವುದು ನಿಲ್ಲುತ್ತದೆ, "ಹೊಸ ಕೀ ಸರಿ ಇಲ್ಲ" ಎಂದು ಹಳೆಯದನ್ನೇ ಮತ್ತೆ ಚಾಲೂ ಮಾಡುತ್ತಾರೆ. ಕ್ಯೂ ರಿಸ್ಟಾರ್ಟ್ ಮಾಡಿದರೆ ಮುಗಿಯುವ ಕೆಲಸ.

ಬರೆಯುವ ಮೊದಲೇ ತಡೆಯುವುದು

ನಿಷೇಧದ ಪಟ್ಟಿ ಮಾಡುವುದು ಸುಲಭ ಅನ್ನಿಸುತ್ತದೆ: ಪಾಸ್‌ವರ್ಡ್, ಪಿನ್, ಒಟಿಪಿ ಎಂಬ ಫೀಲ್ಡುಗಳನ್ನು ಮುಚ್ಚು. ಆದರೆ ಯಾರೋ ಫೀಲ್ಡಿಗೆ ಒಂದು ಎಸ್ ಬಿಟ್ಟು ಹೆಸರಿಟ್ಟಿರುತ್ತಾರೆ, ಇನ್ಯಾರೋ "ಗುಪ್ತ ಸಂಖ್ಯೆ" ಎಂದು ಕನ್ನಡದಲ್ಲೇ ಇಟ್ಟಿರುತ್ತಾರೆ. ಪಟ್ಟಿಗೆ ಅದು ಗೊತ್ತಿಲ್ಲ. ಅನುಮತಿಯ ಪಟ್ಟಿ ಮಾಡುವುದೇ ಸರಿ. ಲಾಗಿಗೆ ಹೋಗಬಹುದಾದ್ದು ಇವಿಷ್ಟೇ, ಸಮಯ, ಕೋರಿಕೆಯ ಗುರುತಿನ ಸಂಖ್ಯೆ, ಸದಸ್ಯರ ಆಂತರಿಕ ನಂಬರು, ಕೆಲಸದ ಹೆಸರು, ಫಲಿತಾಂಶ, ಉಳಿದದ್ದು ಹೋಗುವಂತಿಲ್ಲ.

"ಒಟಿಪಿಯನ್ನು ಹ್ಯಾಶ್ ಮಾಡಿ ಲಾಗಿಗೆ ಹಾಕುತ್ತೇವೆ" ಎನ್ನುವವರಿದ್ದಾರೆ. ಆರು ಅಂಕಿಯ ಒಟಿಪಿಗೆ ಸಾಧ್ಯತೆಗಳು ಒಟ್ಟು ಹತ್ತು ಲಕ್ಷ. ಅಷ್ಟಕ್ಕೂ ಹ್ಯಾಶ್ ಮಾಡಿ ಹೋಲಿಸಲು ಸಾಮಾನ್ಯ ಲ್ಯಾಪ್‌ಟಾಪಿಗೆ ಸೆಕೆಂಡುಗಳು ಸಾಕು. ಮೊಬೈಲ್ ನಂಬರಿನ ಕಥೆಯೂ ಅಷ್ಟೇ, ಸ್ವಲ್ಪ ಹೊತ್ತು ಹೆಚ್ಚು. ಎರಡು ಸಾಲುಗಳನ್ನು ಹೊಂದಿಸಬೇಕಿದ್ದರೆ ಗುಪ್ತ ಕೀ ಸೇರಿಸಿದ ಹ್ಯಾಶ್ ಬಳಸಬೇಕು. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ. ಒಟಿಪಿ ಬೇಡವೇ ಬೇಡ.

ಎಂಜಿನ್-ಎಕ್ಸ್ ಲಾಗಿನ ಮಾದರಿಯಲ್ಲಿ ಪೂರ್ತಿ ಕೋರಿಕೆಯ ಬದಲು ವಿಧಾನ ಮತ್ತು ಯುಆರ್‌ಐ ಮಾತ್ರ ಬರೆಸಿದರೆ ಪ್ರಶ್ನಚಿಹ್ನೆಯ ಆಚೆಗಿನದು ಲಾಗಿನಿಂದ ಬಿಟ್ಟುಹೋಗುತ್ತದೆ. ಆದರೆ ಎರರ್ ಲಾಗಿನ ಮಾದರಿ ಬದಲಿಸಲು ಬರುವುದಿಲ್ಲ, ಅದು ಪೂರ್ತಿ ವಿಳಾಸವನ್ನೇ ಬರೆಯುತ್ತದೆ. ಹಾಗಾಗಿ ಗುಟ್ಟನ್ನು ವಿಳಾಸದಲ್ಲಿ ಹಾಕುವುದನ್ನೇ ಬಿಡಬೇಕು, ಹೆಡರಿನಲ್ಲಿ ಅಥವಾ ಪೋಸ್ಟ್‌ನ ಒಳಗೆ ಕಳಿಸಬೇಕು.

ಇಷ್ಟೆಲ್ಲ ಮಾಡಿದ್ದು ಸರಿ ಇದೆಯೇ ಎಂದು ತಿಳಿಯಲು ಒಂದು ಅಗ್ಗದ ಉಪಾಯವಿದೆ. ಪರೀಕ್ಷಾ ಸರ್ವರಿನಲ್ಲಿ "ಬೆಳವಲ-7731" ಎಂಬಂಥ, ಬೇರೆಲ್ಲೂ ಬರಲಾರದ ಸುಳ್ಳು ಪಾಸ್‌ವರ್ಡ್ ಹಾಕಿ ಲಾಗಿನ್, ತಪ್ಪು ಲಾಗಿನ್, ರಿಸೆಟ್ ಎಲ್ಲ ಮಾಡಿ. ಡೇಟಾಬೇಸ್ ಬಂದ್ ಮಾಡಿ ಇನ್ನೊಮ್ಮೆ ಮಾಡಿ, ಗೇಟ್‌ವೇಯ ವಿಳಾಸ ಕೆಡಿಸಿ ಮತ್ತೊಮ್ಮೆ ಮಾಡಿ. ಆಮೇಲೆ ಎಲ್ಲ ಲಾಗ್‌ಗಳಲ್ಲಿ ಆ ಪದ ಹುಡುಕಿ. ಒಂದು ಕಡೆ ಸಿಕ್ಕರೂ ಬಿಡುಗಡೆ ನಿಲ್ಲಬೇಕು. ಎಲ್ಲ ಸರಿಯಿದ್ದಾಗ ಮಾತ್ರ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ, ಗುಟ್ಟು ಹೆಚ್ಚಾಗಿ ಸೋರುವುದು ಏನಾದರೂ ಕೆಟ್ಟಾಗ.

ಗ್ರಾಹಕರಿಗೆ ಮತ್ತು ಸಂಘಗಳಿಗೆ

"ಮುನ್ನೆಚ್ಚರಿಕೆಯಾಗಿ ಪಾಸ್‌ವರ್ಡ್ ಬದಲಿಸಿ" ಎಂಬ ಸಂದೇಶ ಬಂದರೆ ಬದಲಿಸಿ, ಆದರೆ ಆ ಸಂದೇಶದ ಲಿಂಕ್ ಒತ್ತಿ ಅಲ್ಲ. ಆ್ಯಪ್ ತೆರೆದು ನೇರವಾಗಿ. ಅದೇ ಪಾಸ್‌ವರ್ಡ್ ಇಮೇಲಿಗೂ ಇದ್ದರೆ ಮೊದಲು ಇಮೇಲಿನದು.

ಸಂಘಗಳು 2027ರ ಮೇ ಒಳಗೆ ತಮ್ಮ ಸಾಫ್ಟ್‌ವೇರ್ ಒಪ್ಪಂದವನ್ನು ಒಮ್ಮೆ ತೆಗೆದು ಓದುವುದು ಲೇಸು. ಎಎಂಸಿ (ವಾರ್ಷಿಕ ನಿರ್ವಹಣೆ) ದರ, ಬ್ಯಾಕಪ್, ದುರಸ್ತಿಗೆ ಎಷ್ಟು ಗಂಟೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಲಾಗ್ ಯಾರು ಓದಬಹುದು, ಯಾವ ದೇಶದ ಸೇವೆಗೆ ಹೋಗುತ್ತಿದೆ, ಸೋರಿಕೆ ಕಂಡರೆ ಕಂಪನಿ ಎಷ್ಟು ಗಂಟೆಯೊಳಗೆ ಸಂಘಕ್ಕೆ ಹೇಳಬೇಕು ಎಂಬುದು ಇರುವುದು ಅಪರೂಪ. ಸರ್ಟ್-ಇನ್ ಕೊಟ್ಟಿರುವುದೇ 6 ಗಂಟೆ, ಆದ್ದರಿಂದ ಒಪ್ಪಂದದಲ್ಲಿ "ಎರಡು ಕೆಲಸದ ದಿನ" ಎಂದಿದ್ದರೆ ಆ ಸಾಲು ತಿದ್ದಬೇಕು. ಎಎಂಸಿ ಮುಗಿದು ಸಂಘ ಬೇರೆ ಕಂಪನಿಗೆ ಹೋದ ದಿನ, ಹಳೆಯ ಡೆವಲಪರ್‌ನ ಲ್ಯಾಪ್‌ಟಾಪಿನಲ್ಲಿ ಉಳಿದ ಲಾಗ್‌ಗಳನ್ನು ಅಳಿಸಿದ್ದಾಗಿ ಬರಹದಲ್ಲಿ ಪಡೆಯುವ ಸಾಲೊಂದನ್ನು ಸೇರಿಸಬೇಕು. ಅದೇ ದಿನ ಎಸ್‌ಎಂಎಸ್ ಗೇಟ್‌ವೇ, ಪೇಮೆಂಟ್ ಗೇಟ್‌ವೇ ಮತ್ತು ಡೇಟಾಬೇಸಿನ ಕೀಗಳನ್ನೂ ಬದಲಿಸಬೇಕು, ಅವರು ಅಳಿಸಿದ್ದರೂ ಸರಿ, ಬಿಟ್ಟರೂ ಸರಿ.